ಮುಯ್ಯಾಳು ಬೇಕಾಗಿದ್ದಾರೆ

ಶಂಶಾಬಾದಿನ ನಮ್ಮ ಓಣಿಯಲ್ಲಿ ವಿಮಾನದ ಸದ್ದಿಗೆ ಈಗ ಯಾರೂ ತಲೆ ಎತ್ತುವುದಿಲ್ಲ. 2008ರಲ್ಲಿ ಏರ್‌ಪೋರ್ಟು ಶುರುವಾದಾಗ ಎಲ್ಲರೂ ತಾರಸಿ ಹತ್ತಿ ನೋಡುತ್ತಿದ್ದರು, ಆಮೇಲೆ ಕಿವಿಗೆ ರೂಢಿಯಾಯಿತು. ಎದುರು ಮನೆಯ ಆಯಿ ಮಾತ್ರ ಇಂದಿಗೂ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾರೆ. ತಾಂಡೂರಿನ ಕಡೆಯವರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಹೋದ ವಾರ ಕಟ್ಟೆಯ ಮೇಲೆ ಕೂತಿದ್ದಾಗ ಕೇಳಿದರು: "ತಮ್ಮಾ, ಈ ಇಮಾನ ಮಿಸ್ರಕ್ಕ ಹೋಗತದೇನು?"

ಮಿಸ್ರ ಅಂದರೆ ಈಜಿಪ್ಟು. ನಿಜಾಮರ ಕಾಲದ ಉರ್ದು ಈ ಭಾಗದ ಕನ್ನಡದೊಳಗೆ ಬಿಟ್ಟುಹೋದ ಮಾತು. "ನೇರ ಹೋಗಂಗಿಲ್ಲ ಆಯಿ, ನಡುವ ಬದಲಿ ಮಾಡಬೇಕು. ಯಾಕ?" ಅಂದೆ. "ನಮ್ಮ ಮನಿಯವರ ಮುತ್ಯಾನ ತಮ್ಮ ಅಲ್ಲೇ ಉಳದಾನ," ಅಂದು ಒಳಗೆ ಹೋದವರು ಒಂದು ಸಣ್ಣ ಬಟ್ಟೆಯ ಗಂಟು ತಂದರು. ಗಂಟಿನೊಳಗೆ ಬೆಳ್ಳಿಯ ಪದಕ. ಒಂದು ಬದಿಗೆ ರಾಜನ ಮುಖ, ಇನ್ನೊಂದು ಬದಿಗೆ ಕುದುರೆ ಸವಾರ. ಅಂಚಿನ ಮೇಲೆ ಸೂಜಿಮೊನೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ.

ಆ ಅಂಚೇ ಮುಖ್ಯ. ಮೊದಲನೇ ಮಹಾಯುದ್ಧದ ಈ ಪದಕವನ್ನು ಸೈನಿಕರಿಗೆ ಬೆಳ್ಳಿಯಲ್ಲಿ, ಹೇಸರಗತ್ತೆ ಕಾಯುವವರು, ಅಡುಗೆಯವರು, ಕೂಲಿಗಳಿಗೆ ಕಂಚಿನಲ್ಲಿ ಹೊಯ್ದು ಕೊಟ್ಟಿದ್ದರು. ಅಂಚಿನಲ್ಲಿ ಪಡೆದವನ ನಂಬರು, ದರ್ಜೆ, ಹೆಸರು, ಪಡೆ ಕೊರೆದಿರುತ್ತದೆ. ನೂರು ವರ್ಷ ಸೆರಗಿನಲ್ಲಿ ಒರೆಸಿದ್ದಕ್ಕೆ ಆಯಿಯ ಪದಕದ ಅಂಚು ಸವೆದಿದೆ. ಇಳಿಬಿಸಿಲಿಗೆ ಓರೆಯಾಗಿ ಹಿಡಿದರೆ ನಂಬರಿನ ಮೂರು ಅಂಕಿ, ಹೆಸರಿನ ಮೊದಲರ್ಧ, ಕೊನೆಗೆ ಲ್ಯಾನ್ಸರ್ಸ್ ಅನ್ನುವುದರ ತುಂಡು ಕಾಣುತ್ತದೆ. ಅವನು ಎಂದು ಸತ್ತ, ಹೇಗೆ ಸತ್ತ, ಎಲ್ಲಿ ಮಣ್ಣು ಮಾಡಿದರು ಅಥವಾ ಸುಟ್ಟರು, ಈ ಮನೆಯವರಿಗೆ ಯಾರೂ ಹೇಳಿಲ್ಲ. ಕೆಲವು ವರ್ಷ ಪಿಂಚಣಿ ಬಂತು, ನಿಂತಿತು. ಅಷ್ಟೇ.

ಹೈದರಾಬಾದ್ ಲ್ಯಾನ್ಸರ್ಸ್ ಮತ್ತು ಮೈಸೂರು ಲ್ಯಾನ್ಸರ್ಸ್ 1914ರ ಕೊನೆಗೆ ಒಂದೇ ಬ್ರಿಗೇಡಿನಲ್ಲಿ ಈಜಿಪ್ಟಿಗೆ ಹೋದವು. ಸಂಸ್ಥಾನಗಳ ಕುದುರೆ ಪಡೆಗಳನ್ನು ಕೂಡಿಸಿ ಕಟ್ಟಿದ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಅದು. ಸೂಯೆಜ್ ಕಾಲುವೆ ಕಾಯ್ದರು, ಸೀನಾಯ್ ಮರಳುಗಾಡು ದಾಟಿದರು, ಪ್ಯಾಲೆಸ್ತೀನಿಗೆ ನಡೆದರು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಸವಾರರು ಹೈಫಾ ಪಟ್ಟಣವನ್ನು ಕುದುರೆ ಮೇಲೆ ಕೂತೇ ಗೆದ್ದರು. ಮೈಸೂರಿನವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು ಮತ್ತು ಅದರ ಮೇಲಿನ ಫಿರಂಗಿಗಳು. ಕೈಯಲ್ಲಿ ಭರ್ಜಿ, ಎದುರಿಗೆ ಮೆಷಿನ್ ಗನ್ನು. 1,350 ಜರ್ಮನ್ ಮತ್ತು ತುರ್ಕಿ ಸೈನಿಕರು ಸೆರೆ ಸಿಕ್ಕರು. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ದೆಹಲಿಯ ತೀನ್‌ ಮೂರ್ತಿಯ ಮೂರು ಕಂಚಿನ ಸವಾರರು ಜೋಧಪುರ, ಮೈಸೂರು, ಹೈದರಾಬಾದುಗಳಿಗಾಗಿಯೇ 1922ರಲ್ಲಿ ನಿಂತವರು. ಬೆಂಗಳೂರಿನಲ್ಲಿ ಜೆ.ಸಿ. ನಗರದ ಮುನಿರೆಡ್ಡಿಪಾಳ್ಯದ ಬಳಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಕಂಬವಿದೆ. ಆ ದಾರಿಯಲ್ಲಿ ದಿನಾ ಓಡಾಡುವ ಗೆಳೆಯರನ್ನು ಕೇಳಿದೆ, ಇಬ್ಬರಿಗೆ ಮಾತ್ರ ಗೊತ್ತಿತ್ತು.

ಹೈಫಾ ಗೆದ್ದವರು ಬ್ರಿಟಿಷರು ಎಂದೇ ಆ ಊರಿನವರು ಬಹುಕಾಲ ನಂಬಿದ್ದರು. ಅಲ್ಲಿಯ ಹೈಫಾ ಹಿಸ್ಟಾರಿಕಲ್ ಸೊಸೈಟಿಯವರು ಹಳೆಯ ಕಡತ ಕೆದಕಿ, ಗೆದ್ದವರು ಭಾರತದ ಸವಾರರು ಎಂದು ತಮ್ಮ ಊರಿಗೆ ತಿಳಿಸಿದರು. ಈಗ ಅಲ್ಲಿಯ ಮಕ್ಕಳು ಅದನ್ನು ಶಾಲೆಯಲ್ಲಿ ಓದುತ್ತಾರೆ. ಇದಕ್ಕಾಗಿ ಅವರಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ. ಸತ್ತವನ ಋಣ ತಮ್ಮೂರ ಮೇಲಿದೆ ಅನ್ನಿಸಿತು, ಮಾಡಿದರು.

ಇಂಥವರು ಜಗತ್ತಿನ ತುಂಬ ಇದ್ದಾರೆ. ಬ್ರಿಟನ್ನಿನಲ್ಲಿ ಹುಟ್ಟಿದ 'ದಿ ವಾರ್ ಗ್ರೇವ್ಸ್ ಫೋಟೋಗ್ರಾಫಿಕ್ ಪ್ರಾಜೆಕ್ಟ್' ಎಂಬ ಸಂಘದ ಸ್ವಯಂಸೇವಕರು ಕ್ಯಾಮೆರಾ ಹಿಡಿದು ಸೈನಿಕರ ಗೋರಿಗಳನ್ನು ಒಂದೊಂದಾಗಿ ಚಿತ್ರ ತೆಗೆದು, ಹೋಗಿ ನೋಡಲಾಗದ ಮನೆಯವರಿಗೆ ಕಳಿಸುತ್ತಾರೆ. ಇಂಗ್ಲೆಂಡಿನ ಬ್ರೈಟನ್ ಹತ್ತಿರದ ಗುಡ್ಡದ ಮೇಲೆ ಒಂದು ಬಿಳಿಯ ಛತ್ರಿ ಇದೆ. ಅಲ್ಲಿಯ ಆಸ್ಪತ್ರೆಗಳಲ್ಲಿ ತೀರಿಹೋದ 53 ಹಿಂದೂ, ಸಿಖ್ ಸೈನಿಕರ ಚಿತೆ ಉರಿದ ಜಾಗ. 1921ರ ಫೆಬ್ರವರಿಯಲ್ಲಿ ಅನಾವರಣಗೊಂಡ ಆ ಛತ್ರಿಯಲ್ಲಿ ಆ 53 ಹೆಸರುಗಳು ಇರಲಿಲ್ಲ. ಕಲ್ಲಿನ ಮೇಲೆ ಹೆಸರು ಬಂದದ್ದು 2010ರಲ್ಲಿ. ಪ್ರತಿ ಜೂನ್‌ನಲ್ಲಿ ಅಲ್ಲಿ ನಡೆಯುವ ಸ್ಮರಣೆಯನ್ನು ಊರವರೇ ನಡೆಸಿಕೊಂಡು ಬಂದಿದ್ದಾರೆ.

ಹೆಸರಿಲ್ಲದೆ ಹೋದ ಕತೆ ಅಲ್ಲಿಗೇ ಮುಗಿಯುವುದಿಲ್ಲ. 1917ರಲ್ಲಿ ಹುಟ್ಟಿದ ಯುದ್ಧ ಸಮಾಧಿ ಆಯೋಗ, ಇವತ್ತಿನ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್, ಸತ್ತವರೆಲ್ಲ ಸಮಾನರು, ದರ್ಜೆಯಾಗಲಿ ಧರ್ಮವಾಗಲಿ ನೋಡುವುದಿಲ್ಲ ಎಂದು ಮಾತು ಕೊಟ್ಟಿತ್ತು. ಇರಾಕಿನ ಬಸ್ರಾದಲ್ಲಿ ಅದೇ ಆಯೋಗ ಕಟ್ಟಿದ ಸ್ಮಾರಕ 40,000ಕ್ಕೂ ಹೆಚ್ಚು ಮಂದಿಯದು. ಬ್ರಿಟಿಷ್ ಸೈನಿಕರಿಗೆ ಹೆಸರು, ಭಾರತದ ಅಧಿಕಾರಿಗಳಿಗೆ ಹೆಸರು, ಭಾರತದ ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಪಡೆಯ ಹೆಸರಿನ ಕೆಳಗೆ 'ಇಷ್ಟು ಮಂದಿ' ಎಂಬ ಅಂಕಿ. 2021ರಲ್ಲಿ ಆಯೋಗವೇ ನೇಮಿಸಿದ ಸಮಿತಿ ಇದನ್ನು ಒಪ್ಪಿಕೊಂಡು ವರದಿ ಕೊಟ್ಟಿತು: ಏಷ್ಯಾ, ಆಫ್ರಿಕಾ ಕಡೆಯ 45,000ದಿಂದ 54,000 ಮಂದಿಗೆ ಸಮಾನ ಗೌರವ ಸಿಗಲಿಲ್ಲ; ಇನ್ನೂ ಕನಿಷ್ಠ 1,16,000 ಮಂದಿಗೆ ಹೆಸರಿನ ಸ್ಮರಣೆಯಿಲ್ಲ, ಅಥವಾ ಸ್ಮರಣೆಯೇ ಇಲ್ಲ; ಈ ಸಂಖ್ಯೆ 3,50,000ದವರೆಗೂ ಹೋಗಬಹುದು. ಆಯೋಗ ಕ್ಷಮೆ ಕೇಳಿತು. ಕೇಳಿದ್ದು ಒಳ್ಳೆಯದಾಯಿತು. ಆದರೆ ಕ್ಷಮೆ ಕೇಳಿದವರಿಗೆ ತಾಂಡೂರು ಎಲ್ಲಿದೆ ಎಂದು ಗೊತ್ತಿರುವುದಿಲ್ಲ.

ಈ ವಾರ ನಾನು ಹೇಳಬೇಕಾದದ್ದು ಇದನ್ನೇ. ಗೋರಿಯ ಚಿತ್ರ ಆ ಕಡೆಯವರು ತೆಗೆಯಬಹುದು. ಗೋರಿಯಲ್ಲಿರುವವನು ಯಾವ ಓಣಿಯವನು ಎಂದು ಹೇಳಬೇಕಾದವರು ನಾವು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇತ್ತು. ಇವತ್ತು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು. ಕೂಲಿ ಇಲ್ಲ, ಲೆಕ್ಕ ಮಾತ್ರ ಇದೆ. ಫ್ರಾನ್ಸಿನಲ್ಲಿ, ಸಿಂಗಾಪುರದಲ್ಲಿ, ಹೈಫಾದಲ್ಲಿ ನಮ್ಮ ಹೊಲದ ಕೆಲಸ ಬೇರೆಯವರು ಮಾಡಿ ಎಷ್ಟೋ ಕಾಲವಾಯಿತು. ನಮ್ಮ ಮುಯ್ಯಿ ಬಾಕಿ ಇದೆ.

ಆಯೋಗದ ದಾಖಲೆ ಅಂತರಜಾಲದಲ್ಲಿದೆ, ಯಾರಾದರೂ ತೆರೆಯಬಹುದು. ಅನೇಕ ಭಾರತೀಯ ಸೈನಿಕರ ಹೆಸರಿನ ಪಕ್ಕ ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಜಿಲ್ಲೆ ಬರೆದಿದೆ. ಆದರೆ ಬರೆದದ್ದು ಇಂಗ್ಲಿಷ್ ಕಿವಿಗೆ ಕೇಳಿದಂತೆ. ಧಾರವಾಡ 'ಧಾರ್ವಾರ್' ಆಗಿದೆ, ಬಳ್ಳಾರಿ 'ಬೆಲ್ಲಾರಿ' ಆಗಿದೆ. ಇವು ದೊಡ್ಡ ಊರು, ಹೇಗೋ ತಿಳಿಯುತ್ತದೆ. ಹೊಸಹಳ್ಳಿ, ಹೊಸೂರು, ಬಸಾಪುರಗಳ ಪಾಡೇನು? ಒಂದೊಂದು ಹೆಸರಿಗೆ ಹತ್ತಾರು ಊರು. ಇದನ್ನು ಬಿಡಿಸಲು ಕನ್ನಡದ ಕಿವಿ ಬೇಕು, ನಿಜಾಮರ ಕಡತಕ್ಕೆ ಉರ್ದುವಿನ ಕಣ್ಣು ಬೇಕು. ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿ ಆ ಕಾಲದ ಉರ್ದು ಕಾಗದಗಳ ರಾಶಿಯಿದೆ. ಹೈದರಾಬಾದಿನ ಕನ್ನಡ ಮನೆಗಳಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ಹಿರಿಯರು ಇನ್ನೂ ಕೆಲವರು ಉಳಿದಿದ್ದಾರೆ. ಅವರಿರುವಾಗಲೇ ಈ ಕೆಲಸ ಆಗಬೇಕು.

ಆಗುವುದಿಲ್ಲ ಎನ್ನುವವರು ಪಂಜಾಬ್ ನೋಡಲಿ. ಸುಮಾರು 3,20,000 ಪಂಜಾಬಿ ಸೈನಿಕರ ಹಳ್ಳಿವಾರು ಪಟ್ಟಿ ಲಾಹೋರಿನ ಮ್ಯೂಸಿಯಂನಲ್ಲಿ ಶತಮಾನದ ಹತ್ತಿರ ಯಾರೂ ಮುಟ್ಟದೆ ಬಿದ್ದಿತ್ತು. ಬ್ರಿಟನ್ನಿನ ಪಂಜಾಬಿ ಸಂಘವೊಂದು ಗ್ರೀನಿಚ್ ವಿಶ್ವವಿದ್ಯಾಲಯದ ಜೊತೆ ಸೇರಿ ಅದನ್ನು ಗಣಕಕ್ಕೆ ಏರಿಸಿ, 2021ರ ನವೆಂಬರಿನಲ್ಲಿ ಜನರ ಮುಂದಿಟ್ಟಿತು. ಮೊಮ್ಮಕ್ಕಳು ತಮ್ಮ ಊರಿನ ಹೆಸರು ಒತ್ತಿ ಅಜ್ಜನನ್ನು ಹುಡುಕಿಕೊಂಡರು. ಕನ್ನಡಿಗರಿಗೂ ಇಂಥ ಕೆಲಸ ಹೊಸದಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು. ಮೋರಿಯ ಪಕ್ಕ, ಕಾಂಪೌಂಡಿನ ಸಂದಿಯಲ್ಲಿ ಬಿದ್ದ ಇಂಥ ಕಲ್ಲುಗಳನ್ನು ಬೆಂಗಳೂರಿನ ಹವ್ಯಾಸಿಗಳು ಹುಡುಕಿ, ಅಳೆದು, ಚಿತ್ರ ತೆಗೆದು ಉಳಿಸುತ್ತಿದ್ದಾರೆ. ಬೇಗೂರಿನ ಶಾಸನದ 'ಬೆಂಗುಳೂರ ಕಾಳಗ'ದಲ್ಲಿ ಸತ್ತವನ ಹೆಸರು ನಮಗೆ 1,100 ವರ್ಷಗಳ ಮೇಲೂ ಗೊತ್ತು. ದನಗಳಿಗಾಗಿ ಸತ್ತವನಿಗೆ ವೀರಗಲ್ಲು ನೆಟ್ಟ ನಾಡು ಇದು. ಕಡಲಾಚೆ ಸತ್ತವನಿಗೆ ಮಾತ್ರ ಊರ ಬಾಗಿಲಲ್ಲಿ ಕಲ್ಲಿಲ್ಲ.

ಗೊತ್ತಿಲ್ಲದೆ ಕಾಯುವುದು ಹೇಗಿರುತ್ತದೆ ಎಂದು ತಿಳಿಯಲು ಕೊಡಗಿನ ಅಜ್ಜಮಾಡ ದೇವಯ್ಯನವರ ಕತೆ ಸಾಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ದೇವಯ್ಯ ಮರಳಲಿಲ್ಲ. ಕಾಣೆ ಎಂದು ಬರೆದರು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ಕಡೆಯ ಮಾಹಿತಿಯಿಂದ ಬರೆದ ಪುಸ್ತಕದಲ್ಲಿ, ಆ ದಿನ ಒಂದು ಮಿಸ್ಟೇರ್ ವಿಮಾನ ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಹೊಡೆದು ಉರುಳಿಸಿದ ಸಂಗತಿ ಹೊರಬಂತು. ಅದು ದೇವಯ್ಯನವರ ವಿಮಾನ. ಅವರ ದಳದ ಮುಖ್ಯಸ್ಥರಾಗಿದ್ದ ತನೇಜಾ ಬೆನ್ನುಬಿಡದೆ ಬರೆದರು. 1988ರಲ್ಲಿ, 23 ವರ್ಷದ ಮೇಲೆ, ಮಹಾವೀರ ಚಕ್ರ ಬಂತು. ಆಚೆಯ ಹಳ್ಳಿಗರೇ ಅವರನ್ನು ಮಣ್ಣು ಮಾಡಿದ್ದರೆಂದು ಮುಂದೆ ತಿಳಿಯಿತು. ಶತ್ರುದೇಶದ ರೈತರು ಮಾಡಿದ ಆ ಕೆಲಸವನ್ನು ನೆನೆದಾಗಲೆಲ್ಲ ನನಗೆ ಮಾತು ನಿಲ್ಲುತ್ತದೆ.

ನಮ್ಮ ನೆಲದಲ್ಲಿರುವ ಪರದೇಶದವರ ಗೋರಿಗಳಿಗೂ ಇದೇ ನ್ಯಾಯ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ ಮುಳ್ಳುಕಂಟಿ ಬೆಳೆದು ಹಾಳಾಗಿತ್ತು. ಅಲ್ಲಿ ಮಲಗಿರುವ ಡಿ ಮ್ಯೂರಾನ್ ಪಡೆಯವರು ಸ್ವಿಟ್ಜರ್ಲೆಂಡಿನವರು. ಆ ಮನೆತನದವರು ಇನ್ನೂರು ವರ್ಷದ ಮೇಲೆ ಬಂದು ಸ್ಮಶಾನವನ್ನು ಸರಿಪಡಿಸಿದರು. ಸಿಕಂದರಾಬಾದಿನ ಹಳೆಯ ದಂಡಿನ ಸ್ಮಶಾನಗಳಲ್ಲೂ ಸಾಗರದಾಚೆಯ ತಾಯಂದಿರ ಮಕ್ಕಳಿದ್ದಾರೆ. ರಜೆಯ ದಿನ ಒಂದು ಗಂಟೆ, ಮೊಬೈಲಿನಲ್ಲಿ ನಾಲ್ಕು ಚಿತ್ರ. ಅದೂ ಮುಯ್ಯಿಯ ಲೆಕ್ಕಕ್ಕೇ ಬರುತ್ತದೆ.

ಪರದೇಶದಲ್ಲಿ ಮಕ್ಕಳಿರುವವರಿಗೆ ಒಂದು ಮಾತು. ಮಗ ಸಿಂಗಾಪುರದಲ್ಲಿದ್ದರೆ ಕ್ರಾಂಜಿಗೆ ಹೋಗಲು ಹೇಳಿ, ಅದೇ ಹೆಸರಿನ ರೈಲು ನಿಲ್ದಾಣವೂ ಇದೆ. 1941ರ ಡಿಸೆಂಬರ್‌ನಲ್ಲಿ ಜಪಾನಿಯರು ಮಲಯದ ಕೋಟಾ ಭಾರು ದಂಡೆಗೆ ಇಳಿದಾಗ ಅಲ್ಲಿಯ ವಿಮಾನ ನಿಲ್ದಾಣ ಕಾಯುತ್ತಿದ್ದದ್ದು ಹೈದರಾಬಾದ್ ಸಂಸ್ಥಾನದ ಪಡೆ. ಮೈಸೂರಿನ ಪಡೆಯೂ ಸಿಂಗಾಪುರದ ಸೋಲಿನಲ್ಲಿ ಸಿಕ್ಕಿಬಿತ್ತು. ಕ್ರಾಂಜಿಯ ಗೋಡೆಗಳ ಮೇಲೆ 24,000 ಹೆಸರುಗಳಿವೆ. ಚಿತೆಗೆ ಏರಿದವರಿಗೆ ಅಲ್ಲೇ ಬೇರೆ ಸ್ಮಾರಕವಿದೆ. ಮಗಳು ಫ್ರಾನ್ಸಿನಲ್ಲಿದ್ದರೆ ನವ್ ಶಾಪೆಲ್ ಸ್ಮಾರಕದಲ್ಲಿ ಭಾರತದ 4,700ಕ್ಕೂ ಹೆಚ್ಚು ಹೆಸರಿವೆ. ಇಸ್ರೇಲಿನಲ್ಲಿ ವೃದ್ಧರ ಆರೈಕೆಗೆ ಹೋದ ಮಂಗಳೂರಿನ, ತೆಲಂಗಾಣದ ಮಕ್ಕಳು ಹೈಫಾದ ಭಾರತೀಯ ಸ್ಮಶಾನಕ್ಕೆ ಒಮ್ಮೆ ಹೋಗಿಬರಲಿ. ಇತ್ತ ಮನೆಯಲ್ಲಿದ್ದವರು ಟ್ರಂಕು ತೆಗೆಯಿರಿ. ಪದಕದ ಅಂಚು ನೋಡಿ. ಅಂಗೈಗಿಂತ ಅಗಲದ ದುಂಡಗಿನ ಕಂಚಿನ ತಟ್ಟೆಯ ಮೇಲೆ ಒಂದು ಹೆಸರಿದ್ದರೆ, ಅದು ಸತ್ತ ಸೈನಿಕನ ಮನೆಗೆ ಬಂದದ್ದು. ದಯವಿಟ್ಟು ಗುಜರಿಗೆ ಹಾಕಬೇಡಿ.

ಆಯಿಯ ಹುಡುಕಾಟ ಎಲ್ಲಿಗೆ ಬಂದಿದೆ ಎಂದು ಹೇಳಬೇಕು. ಈಜಿಪ್ಟು, ಪ್ಯಾಲೆಸ್ತೀನ್ ಕಡೆ ಸತ್ತ ಭಾರತೀಯರಿಗಾಗಿ ಸೂಯೆಜ್ ಕಾಲುವೆಯ ತುದಿಯ ಪೋರ್ಟ್ ತೌಫೀಕ್‌ನಲ್ಲಿ ಹುಲಿಗಳ ಸ್ಮಾರಕ ಕಟ್ಟಿದ್ದರು. ಅರಬ್-ಇಸ್ರೇಲ್ ಕಾದಾಟದಲ್ಲಿ ಅದು ನಾಶವಾಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಯುದ್ಧ ಸ್ಮಶಾನದಲ್ಲಿ ಸುಮಾರು 4,000 ಹೆಸರುಗಳ ಹೊಸ ಫಲಕಗಳನ್ನು ನಿಲ್ಲಿಸಿದರು. ಆಯಿಯ ಪದಕದ ಅರ್ಧ ಹೆಸರಿಗೆ ಹೊಂದುವ ಮೂವರು ನನಗೆ ಸಿಕ್ಕಿದ್ದಾರೆ. ಮೂವರಲ್ಲಿ ಯಾರು ಎಂದು ನಂಬರಿನಲ್ಲಿ ಸವೆದುಹೋದ ಅಂಕಿಯೇ ಹೇಳಬೇಕು. ಸೋಮವಾರ ಉರ್ದು ಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡು ತಾರ್ನಾಕಕ್ಕೆ ಹೋಗುತ್ತಿದ್ದೇನೆ.

ಸಿಕ್ಕರೆ ಏನು ಬರುತ್ತದೆ ಎಂದು ಆಯಿಯ ಮಗ ಕೇಳಿದ. ದುಡ್ಡು ಬರುವುದಿಲ್ಲ. ತಾರೀಖು ಬರುತ್ತದೆ ಅಂದೆ. ತಾರೀಖು ಸಿಕ್ಕರೆ ಪಂಚಾಂಗದಿಂದ ತಿಥಿ ತೆಗೆಯಬಹುದು. ಮುಸ್ಲಿಂ ಸವಾರನ ಮನೆಯಾದರೆ ಆ ದಿನ ಫಾತಿಹಾ ಓದಿಸಬಹುದು. ಸತ್ತ ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆಯೇ ಗತಿ. ಆಯಿ ಇಷ್ಟು ವರ್ಷ ಪೆತ್ರಮಾಸದ ದಿನ, ಓಣಿಯ ಹೆಣ್ಣುಮಕ್ಕಳು ಬತುಕಮ್ಮಕ್ಕೆ ಹೂ ಜೋಡಿಸುವ ಹೊತ್ತಿಗೆ, ಅವನ ಹೆಸರಿಗೆ ಅಕ್ಕಿ, ಕಾಯಿಪಲ್ಲೆ ಕೊಟ್ಟು ಬಂದವರು. ಹೈಫಾದ ದಿನವನ್ನು ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿದೆ. 1918ರ ಸೆಪ್ಟೆಂಬರ್ 23 ಭಾದ್ರಪದ ಬಹುಳ, ಪಕ್ಷಮಾಸದ ಒಳಗೇ ಬಿದ್ದಿತ್ತು.

ಕೈರೋಗೆ ಹೋಗುವ ಓದುಗರಿದ್ದರೆ ಪತ್ರಿಕೆಗೆ ಒಂದು ಸಾಲು ಬರೆಯಿರಿ, ಫಲಕದ ಜಾಗ ತಿಳಿಸುತ್ತೇನೆ. ಫಲಕದ ಚಿತ್ರವೊಂದೇ ಸಾಲದು. ನಿನ್ನೆ ಸಂಜೆ ಆಯಿ ಪದಕವನ್ನು ಮತ್ತೆ ಗಂಟಿಗೆ ಕಟ್ಟುತ್ತ ಕೇಳಿದರು: "ಅಲ್ಲಿ ಗಿಡದ ನೆಳ್ಳು ಐತೇನು ತಮ್ಮಾ?"

ಫೋಟೋ ಬರಲಿ, ನೋಡೋಣು ಆಯಿ ಅಂದಿದ್ದೇನೆ.