ವಕ್ಫ್‌ನ ಬಾಡಿಗೆ, ಮೊಹಲ್ಲಾದ ಚರಂಡಿ

ನಮ್ಮ ಪಟ್ಟಣಗಳ ಹಳೆಯ ಮೊಹಲ್ಲಾಗಳಲ್ಲಿ ಮಳೆಗಾಲದ ಒಂದು ದೃಶ್ಯ ಎಲ್ಲರಿಗೂ ಪರಿಚಿತ. ಮಸೀದಿಯ ನೆಲಕ್ಕೆ ಹೊಸ ಗ್ರಾನೈಟ್, ಮಿನಾರಕ್ಕೆ ಹೊಸ ಬಣ್ಣ, ಮುಂದೆ ವಕ್ಫ್ ಮಳಿಗೆಗಳ ಸಾಲು. ಹಿಂದಿನ ಓಣಿಯಲ್ಲಿ ಚರಂಡಿ ಉಕ್ಕಿ ಕೊಳೆನೀರು ಮನೆಗಳ ಹೊಸ್ತಿಲು ದಾಟಿರುತ್ತದೆ. ಬೇಸಿಗೆ ಬಂತೆಂದರೆ ಅದೇ ಓಣಿಯಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು. ಆಡಳಿತ ಸಮಿತಿಯನ್ನು ಕೇಳಿದರೆ ಅದು ನಗರಸಭೆಯ ಕೆಲಸವೆಂಬ ಉತ್ತರ; ನಗರಸಭೆಯನ್ನು ಕೇಳಿದರೆ ಅನುದಾನವಿಲ್ಲವೆಂಬ ಉತ್ತರ. ವಕ್ಫ್ ಎಂಬುದು ಮಸೀದಿಯ ಗೋಡೆಯೊಳಗೆ ಮುಗಿದುಹೋಗುವ ಸಂಗತಿಯೆಂದು ನಾವು ಯಾವಾಗ ತೀರ್ಮಾನಿಸಿದೆವು?

ಇಸ್ಲಾಮೀ ಇತಿಹಾಸದ ಆರಂಭದ ವಕ್ಫ್‌ಗಳಲ್ಲಿ ಪ್ರಸಿದ್ಧವಾದುದು ಒಂದು ಬಾವಿ. ಮದೀನಾಕ್ಕೆ ವಲಸೆ ಬಂದವರಿಗೆ ಕುಡಿಯುವ ನೀರು ದುಬಾರಿಯಾಗಿದ್ದಾಗ ಹಝ್ರತ್ ಉಸ್ಮಾನ್(ರ)ರವರು ರೂಮಾ ಬಾವಿಯನ್ನು ಕೊಂಡು ಜನರಿಗೆ ಮುಕ್ತಗೊಳಿಸಿದರು. ಹಝ್ರತ್ ಉಮರ್(ರ)ರವರು ಖೈಬರ್‌ನ ತಮ್ಮ ಭೂಮಿಯ ಕುರಿತು ಪ್ರವಾದಿ(ಸ)ರವರ ಸಲಹೆ ಕೇಳಿದಾಗ ಸಿಕ್ಕಿದ ಮಾರ್ಗದರ್ಶನದ ಸಾರವೇ ವಕ್ಫ್‌ನ ತಳಹದಿ: ಮೂಲ ಉಳಿಯಬೇಕು, ಫಲ ಜನರಿಗೆ ತಲುಪಬೇಕು. ಉಸ್ಮಾನೀಯರ ಇಸ್ತಾಂಬುಲ್‌ನಲ್ಲಿ ಕುಡಿಯುವ ನೀರಿನ ಕಾರಂಜಿಗಳು, ಸ್ನಾನಗೃಹಗಳು, ಆಸ್ಪತ್ರೆಗಳು, ಬಡವರ ಅನ್ನಛತ್ರಗಳು ಬಹುಮಟ್ಟಿಗೆ ವಕ್ಫ್ ಆದಾಯದಿಂದಲೇ ನಡೆದವು. ನಗರವನ್ನು ಕಟ್ಟಿದ್ದು ಸುಲ್ತಾನರಾದರೂ ಅದನ್ನು ದಿನದಿನವೂ ನಡೆಸಿದ್ದು ಈ ದತ್ತಿಗಳು.

ಇಂದು ಜಗತ್ತು 'ಸಮುದಾಯ ಪ್ರತಿಷ್ಠಾನ' ಎಂದು ಕರೆಯುವ ಸಂಸ್ಥೆಯ ಮೂಲಸೂತ್ರವೂ ಇದಕ್ಕೆ ತೀರ ಸಮೀಪದ್ದು. 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕರ್ ಇಂಥ ಮೊದಲ ಪ್ರತಿಷ್ಠಾನವನ್ನು ಕಟ್ಟಿದರು. ಊರವರ ದಾನಗಳನ್ನು ಒಂದೆಡೆ ಸೇರಿಸಿ, ಮೂಲಧನ ಕಾಯ್ದುಕೊಂಡು, ಆದಾಯವನ್ನು ಊರಿನ ಅಗತ್ಯಕ್ಕೆ ಬಳಸುವುದು ಅವರ ಯೋಜನೆ. ಸತ್ತವರು ಎಂದೋ ಬರೆದಿಟ್ಟ ಉದ್ದೇಶ ಕಾಲ ಕಳೆದಂತೆ ಅಪ್ರಸ್ತುತವಾಗಿ ಹಣ ಜಡಗಟ್ಟುವುದು ಅವರನ್ನು ಕಾಡಿದ ಸಮಸ್ಯೆ. ಆದ್ದರಿಂದಲೇ ಆಯಾ ಕಾಲದ ಅಗತ್ಯವನ್ನು ತೀರ್ಮಾನಿಸುವ ಅಧಿಕಾರವನ್ನು ಊರಿನ ಒಂದು ಸಮಿತಿಗೆ ಕೊಟ್ಟರು. ವಕ್ಫ್‌ನಲ್ಲಿ ದಾನಿಯ ಷರತ್ತಿಗೆ ಇರುವ ಬಿಗಿ ಅಲ್ಲಿಲ್ಲ. ಎರಡನ್ನೂ ಒಂದೇ ಎನ್ನುವುದು ತಪ್ಪಾದೀತು. ಆದರೆ ಲೆಕ್ಕವನ್ನು ಊರಿನ ಮುಂದಿಡುವ ಅವರ ಪದ್ಧತಿಯನ್ನು ಕಲಿಯಲು ಯಾವ ಷರತ್ತೂ ಅಡ್ಡಿಯಾಗದು.

ನಮ್ಮ ಸ್ಥಿತಿಯನ್ನು 2006ರ ಸಾಚಾರ್ ಸಮಿತಿ ವರದಿ ಬಿಚ್ಚಿಟ್ಟಿತ್ತು. ಆಗ ದೇಶದಲ್ಲಿ ನೋಂದಾಯಿತ ವಕ್ಫ್ ಆಸ್ತಿಗಳು 4.9 ಲಕ್ಷ, ವಿಸ್ತೀರ್ಣ ಸುಮಾರು 6 ಲಕ್ಷ ಎಕರೆ, ವಾರ್ಷಿಕ ಆದಾಯ ಬರೀ 163 ಕೋಟಿ ರೂಪಾಯಿ. ಮಾರುಕಟ್ಟೆ ಮೌಲ್ಯವನ್ನು 1.2 ಲಕ್ಷ ಕೋಟಿಯೆಂದು ಅಂದಾಜಿಸಿದ ಸಮಿತಿ, ಶೇ. 10ರ ಆದಾಯ ಬಂದರೂ ವರ್ಷಕ್ಕೆ 12,000 ಕೋಟಿ ಸಿಗಬಹುದೆಂದು ಲೆಕ್ಕ ಹಾಕಿತು. ಒತ್ತುವರಿಯ ಕುರಿತು ನಾವು ಸಭೆಗಳಲ್ಲಿ ಸಾಕಷ್ಟು ಗುಡುಗಿದ್ದೇವೆ. ಸರಕಾರಿ ಇಲಾಖೆಗಳೇ ವಕ್ಫ್ ಜಮೀನು ಹಿಡಿದುಕೊಂಡಿರುವುದನ್ನು ಅದೇ ವರದಿ ಹೇಳಿರುವುದರಿಂದ ಆ ಗುಡುಗು ನ್ಯಾಯವಾದುದೇ. ಆದರೆ ನಾವು ಕಂಡ ಒಂದು ಪಟ್ಟಣದಲ್ಲಿ ಮಸೀದಿಯ ಮಳಿಗೆಗಳ ಬಾಡಿಗೆ ದಶಕಗಳ ಹಿಂದೆ ನಿಗದಿಯಾದದ್ದು. ಬಾಡಿಗೆದಾರ ಅದನ್ನು ಹಲವು ಪಟ್ಟು ಮೊತ್ತಕ್ಕೆ ಒಳಬಾಡಿಗೆ ಕೊಟ್ಟಿದ್ದಾನೆ. ಆತ ಸಮಿತಿಯವರ ಬಂಧುವೂ ಹೌದು. ಈ ಒತ್ತುವರಿಯ ವಿರುದ್ಧ ಯಾರು ಧರಣಿ ಕೂರಬೇಕು?

2025ರ ವಕ್ಫ್ ತಿದ್ದುಪಡಿ ಕಾಯ್ದೆಯ ವಿರುದ್ಧದ ಹೋರಾಟವನ್ನು ನಾವು ಬೆಂಬಲಿಸುತ್ತೇವೆ. ಅದೇ ವರ್ಷ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿ ಕೆಲವು ಕಲಮುಗಳಿಗೆ ತಡೆಯೊಡ್ಡಿತು. ಹೊರಗಿನವರು ಲೆಕ್ಕ ಕೇಳುವ ಮುನ್ನ ನಾವೇ ಅದನ್ನು ಜುಮುಆದ ದಿನ ಮಸೀದಿಯ ಬಾಗಿಲಲ್ಲಿ ತೂಗುಹಾಕಿದ್ದರೆ ನಮ್ಮ ವಾದದ ಬಲ ಬೇರೆಯೇ ಇರುತ್ತಿತ್ತು.

ನಗರಸಭೆಯ ಹೊಣೆಯನ್ನು ವಕ್ಫ್ ಹೊರಬೇಕೇ ಎಂದು ಕೆಲವರು ಕೇಳುತ್ತಾರೆ. ಹೊರಬಾರದು. ತೆರಿಗೆ ಕಟ್ಟುವ ನಾಗರಿಕರಿಗೆ ಚರಂಡಿ, ನೀರು ಹಕ್ಕು, ದಾನವಲ್ಲ. ಆದರೆ ಹಕ್ಕು ಕೇಳಲೂ ಸಿದ್ಧತೆ ಬೇಕು. ಓಣಿಯ ಚರಂಡಿಯ ನಕಾಶೆ ಬರೆಸಲು, ಅಂದಾಜು ಪಟ್ಟಿ ಮಾಡಿಸಲು, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಲು ಒಬ್ಬ ಎಂಜಿನಿಯರ್ ಮತ್ತು ಸ್ವಲ್ಪ ಹಣ ಸಾಕು. ಸಂವಿಧಾನದ 74ನೆಯ ತಿದ್ದುಪಡಿಯು 3 ಲಕ್ಷ ಹಾಗೂ ಹೆಚ್ಚಿನ ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿದೆ. ನಮ್ಮ ಎಷ್ಟು ಜಮಾಅತ್‌ಗಳು ಅವುಗಳ ಬಾಗಿಲು ತಟ್ಟಿವೆ? ಚರಂಡಿಗೆ ಧರ್ಮವಿಲ್ಲ, ಪಕ್ಕದ ಓಣಿಯ ಹಿಂದೂ ನೆರೆಯವರನ್ನೂ, ಕೊಡ ಹೊರುವ ನಮ್ಮ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಬರೆದ ಮನವಿಯನ್ನು ಬದಿಗೆ ಸರಿಸುವುದು ಅಧಿಕಾರಿಗೆ ಅಷ್ಟು ಸುಲಭವಲ್ಲ.

ಇನ್ನು ದಾನಿಯ ಉದ್ದೇಶ ಮೀರುವ ಭಯ. ಮಸೀದಿಗೆಂದೇ ಬಿಟ್ಟ ಆಸ್ತಿಯ ಆದಾಯವನ್ನು ಬೇರೆಡೆ ಹರಿಸುವ ಮುನ್ನ ಉಲಮಾಗಳನ್ನು ಕೇಳಲೇಬೇಕು. ಆದರೆ ಹೊಸ ವಕ್ಫ್‌ಗಳಿಗೆ ಈ ತೊಡಕಿಲ್ಲ. ಮಗಳ ಮದುವೆಗೆ ಲಕ್ಷಗಟ್ಟಲೆ ಸುರಿಯುವ ಕುಟುಂಬವೊಂದು ಅದರಲ್ಲೊಂದು ಪಾಲನ್ನು ಮೊಹಲ್ಲಾದ ನೀರಿಗೆಂದೇ ಬರೆದುಕೊಟ್ಟರೆ ತಡೆಯುವವರಾರು? ನಗರದ ವಕ್ಫ್ ಆಸ್ತಿಗಳ ಅಭಿವೃದ್ಧಿಗೆ ಕೇಂದ್ರ ವಕ್ಫ್ ಕೌನ್ಸಿಲ್‌ನ ಸಾಲ ಯೋಜನೆ 1974ರಿಂದ ನಡೆದುಬಂದಿತು. ಅದರಿಂದ ವಾಣಿಜ್ಯ ಸಂಕೀರ್ಣಗಳು, ಮದುವೆ ಸಭಾಂಗಣಗಳು ಎದ್ದವು. ಆದಾಯಕ್ಕೆ ಅವೂ ಬೇಕು. ಆದರೆ ಆ ಕಟ್ಟಡಗಳ ತಾರಸಿಗೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಿದಂತಿಲ್ಲ.

ಲೆಕ್ಕ ಸರಳ. ಐದು ಸಾವಿರ ಚದರಡಿಯ ತಾರಸಿ, ವರ್ಷಕ್ಕೆ 600 ಮಿ.ಮೀ. ಮಳೆ ಬೀಳುವ ಒಣಸೀಮೆಯ ಊರು ಎಂದಿಟ್ಟುಕೊಳ್ಳೋಣ. ಐದರಲ್ಲೊಂದು ಪಾಲು ವ್ಯರ್ಥವಾದರೂ ಸುಮಾರು 2.2 ಲಕ್ಷ ಲೀಟರ್ ಸಿಗುತ್ತದೆ. ಅಂದರೆ ಐದು ಸಾವಿರ ಲೀಟರಿನ ನಲವತ್ತಕ್ಕೂ ಹೆಚ್ಚು ಟ್ಯಾಂಕರ್. ಅದನ್ನು ಸೋಸಿ ಇಂಗುಗುಂಡಿಗೆ ಬಿಟ್ಟರೆ ಮಸೀದಿಯ ಕೊಳವೆಬಾವಿಯೊಂದಿಗೆ ಸುತ್ತಲಿನವರ ಬಾವಿಗಳಿಗೂ ಜೀವ ಬಂದೀತು. ವುಝೂವಿನ ನೀರನ್ನು ಶೌಚದ ಕೊಳವೆಗೆ ಸೇರಿಸದೆ ಪ್ರತ್ಯೇಕವಾಗಿ ಹರಿಸಿದರೆ ಖಬರಸ್ತಾನದ ಗಿಡಗಳಿಗೆ ಸಾಕಾಗುತ್ತದೆ. ಪ್ರವಾದಿ(ಸ)ರವರು ವುಝೂಗೆ ಬಳಸುತ್ತಿದ್ದುದು ಒಂದು ಮುದ್ದ್, ಎಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರು. ನಾವು ನಳವನ್ನು ಪೂರ್ತಿ ತಿರುಗಿಸಿಟ್ಟು ಪಕ್ಕದವರೊಂದಿಗೆ ಚುನಾವಣೆಯ ಮಾತಾಡುತ್ತಿರುತ್ತೇವೆ.

ಮುಂದಿನ ಸಾಮಾನ್ಯ ಸಭೆಯಲ್ಲಿ ಹೊಸ ಮಿನಾರದ ಅಂದಾಜು ಪಟ್ಟಿ ಮುಂದೆ ಬಂದಾಗ, ತಾರಸಿಯ ಕೊಳವೆಗೆ ಮತ್ತು ಇಂಗುಗುಂಡಿಗೆ ಎಷ್ಟು ಖರ್ಚಾಗುತ್ತದೆಂಬ ಅಂದಾಜೂ ಅದರ ಪಕ್ಕದಲ್ಲೇ ಇರಲಿ. ಯಾವುದನ್ನು ಮೊದಲು ಮಾಡಬೇಕೆಂದು ಜಮಾಅತ್ ಕೈಯೆತ್ತಿ ಹೇಳಲಿ.