ಗಿಟಾರಿನ ಬೆಲೆಯೂ ನಾದವೂ

ಕೈಗೆಲಸದ ಹಳೆಯ ಗಿಟಾರೇ ಶ್ರೇಷ್ಠ, ಅಗ್ಗದ್ದೆಲ್ಲ ಆಟಿಕೆ ಎಂಬ ಮಾತನ್ನು ನಾವು ಒಪ್ಪಲಾರೆವು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆನ್ನು-ಪಕ್ಕೆಗಳ ಮರವೊಂದನ್ನುಳಿದು ಮಿಕ್ಕೆಲ್ಲದರಲ್ಲೂ ಸಮನಾದ ಆರು ಗಿಟಾರುಗಳನ್ನು 52 ಮಂದಿ ವಾದಕರು ಮರವನ್ನು ಕಾಣದಂತೆ ನುಡಿಸಿ ಪರೀಕ್ಷಿಸಿದರು. ದುರ್ಲಭವಾದ ಬ್ರೆಜಿಲಿನ ಬೀಟೆಗೂ ನಮ್ಮ ಘಟ್ಟಗಳ ಬೀಟೆಗೂ ಅಗ್ಗದ ಮರಗಳಿಗೂ ಅವರಿತ್ತ ಅಂಕಗಳು ಹೆಚ್ಚುಕಡಮೆ ಒಂದೇ!

ನಾದವನ್ನು ಗಾಳಿಗೆ ಒಪ್ಪಿಸುವುದು ಬಹುಮಟ್ಟಿಗೆ ಮೇಲ್ಹಲಗೆ. ಅದನ್ನು ಹದವರಿತು ತೆಳುಮಾಡುವುದರಲ್ಲಿ ನುರಿತ ಕುಶಲಕರ್ಮಿಯ ಹೆಚ್ಚಳವಿದೆ, ನಿಜ. ಆದರೆ ಹೆಜಮಾಡಿಯಂಥ ಕಡಲತಡಿಯಲ್ಲಿ ಮಳೆಗಾಲದ ತೇವಕ್ಕೆ ಆ ಇಡಿಮರದ ತೆಳುಹಲಗೆ ಬೇಗನೆ ಉಬ್ಬುತ್ತದೆ; ಅಗ್ಗದ ಗಿಟಾರಿನ ಪ್ಲೈವುಡ್ಡು ಅಷ್ಟಾಗಿ ಉಬ್ಬದು.

ಕೊಳ್ಳುವ ವಿದ್ಯಾರ್ಥಿಯು ಬೆಲೆಚೀಟಿಯನ್ನು ಬದಿಗಿಟ್ಟು, ಹನ್ನೆರಡನೆಯ ಮೆಟ್ಟಿನಲ್ಲಿ ತಂತಿಯನ್ನೊತ್ತಿ ಮೀಟಲಿ. ಬಿಡಿತಂತಿಯ ಮೇಲಿನ ಷಡ್ಜ, ಎಂದರೆ ಇಮ್ಮಡಿ ಆವೃತ್ತಿ, ಬಾರದಿದ್ದರೆ ಎಷ್ಟೇ ಹಳೆಯ ವಾದ್ಯವಾದರೂ ಅದನ್ನು ಸರಿಪಡಿಸುವವರೆಗೆ ಹಣ ಕೊಡಬಾರದು.