ಮನೆಬಾಗಿಲಿಗೆ ಬಂದ ಕಡ

ಅಕ್ಕಿಯ ಗಿರಣಿಗಳಿಗೂ ಗೋಡಂಬಿಯ ಕಾರ್ಖಾನೆಗಳಿಗೂ ಹೆಸರಾದ ಕಾರ್ಕಳದಂತಹ ಪೇಟೆಯಲ್ಲಿಯೂ ಈಗ ಕ್ರೆಡಿಟ್ ಕಾರ್ಡಿನ ಸಲುವಳಿ ಬೆಳೆಯುತ್ತಿದೆ. ನಿಯತವಾದ ಸಂಬಳವುಳ್ಳ ಉಪಾಧ್ಯಾಯರನ್ನೂ ಗುಮಾಸ್ತರನ್ನೂ ದೂರವಾಣಿಯಲ್ಲಿ ಕರೆದು, ಕಾರ್ಡು ಕೊಡುವೆವು, ತೆಗೆದುಕೊಳ್ಳಿರೆಂದು ಒತ್ತಾಯಿಸುವವರಿಗೆ ಕೊರತೆಯಿಲ್ಲ. ಸಾಮಾನುಗಳ ಬೆಲೆ ಏರುತ್ತಲೂ ಉದ್ಯೋಗದ ಭರವಸೆ ಇಳಿಯುತ್ತಲೂ ಇರುವ ಕಾಲದಲ್ಲಿ ಗೃಹಸ್ಥನು ನಗದು ಕೊಟ್ಟು ಕೊಳ್ಳುವುದು ಲೇಸೋ, ಕಾರ್ಡು ತೋರಿಸಿ ಕೊಳ್ಳುವುದು ಲೇಸೋ ಎಂಬ ಪ್ರಶ್ನೆಯನ್ನು ವಿಚಾರಿಸುವುದು ಅವಶ್ಯವೆಂದು ನಮಗೆ ತೋರುತ್ತದೆ.

ನಮ್ಮ ಈ ಭಾಗದ ಜನರಿಗೆ ಬೇಂಕಿನ ವ್ಯವಹಾರ ಹೊಸತಲ್ಲ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಸ್ಥಾಪಿಸಿದ ಬೇಂಕು ಮುಂದೆ ಕಾರ್ಪೊರೇಶನ್ ಬೇಂಕೆಂದು ಪ್ರಸಿದ್ಧವಾಯಿತು. 1925ರಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಈ ಮೂವರು ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಅದೇ ಊರಿನಲ್ಲಿ ತೊಡಗಿಸಿದ ಸಂಸ್ಥೆಯು ಸಿಂಡಿಕೇಟ್ ಬೇಂಕಾಗಿ ಬೆಳೆಯಿತು. ಈ ಸಂಸ್ಥೆ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನು ನಮ್ಮ ಹಿರಿಯರು ಬಲ್ಲರು. ಬೇಂಕಿನ ಪ್ರತಿನಿಧಿಯು ದಿನದಿನವೂ ಮನೆಗೂ ಅಂಗಡಿಗೂ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸಿ ಲೆಕ್ಕಕ್ಕೆ ಸೇರಿಸುತ್ತಿದ್ದನು. ಈ ಎರಡು ಬೇಂಕುಗಳೂ 2020ರ ಏಪ್ರಿಲ್ 1ರಂದು ಅನ್ಯ ಬೇಂಕುಗಳಲ್ಲಿ ವಿಲೀನವಾದುವು. ಅಂದು ಬಾಗಿಲಿಗೆ ಬಂದವನು ನಮ್ಮ ಉಳಿತಾಯವನ್ನು ಕೇಳಿ ಬಂದನು. ಇಂದು ಬರುವವನು ಕಡವನ್ನು ಹೊರಿಸಲು ಬರುತ್ತಾನೆ. ಈ ವ್ಯತ್ಯಾಸವನ್ನು ನಾವು ಮರೆಯಲಾಗದು.

ಹಾಗೆಂದು ನಗದೇ ಸರ್ವೋತ್ತಮವೆಂದು ನಾವು ಹೇಳಲಾರೆವು. 2016ರ ನವಂಬರ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದಾಗ, ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ನೂರಕ್ಕೆ ಸುಮಾರು 86ರಷ್ಟು ಒಮ್ಮೆಗೇ ನಿಂತುಹೋಯಿತು. ಪೆಟ್ಟಿಗೆಯಲ್ಲಿ ಹಣವಿದ್ದವರೂ ಬೇಂಕಿನ ಮುಂದೆ ಸಾಲುಗಟ್ಟಿ ನಿಲ್ಲಬೇಕಾಯಿತು. ಮನೆಯಲ್ಲಿಟ್ಟ ನಗದಿಗೆ ಕಳ್ಳರ ಭಯವುಂಟು, ಬಡ್ಡಿಯ ಆದಾಯವಿಲ್ಲ. ಕಾರ್ಡಿಗಾದರೋ ತನ್ನ ಗುಣಗಳಿವೆ. ಖರ್ಚಿನ ಲೆಕ್ಕ ಬರಹದಲ್ಲಿ ಉಳಿಯುತ್ತದೆ. ಕಾರ್ಡು ಕಳೆದುಹೋದರೆ ಕೂಡಲೇ ತಿಳಿಸಿ ಅದನ್ನು ತಡೆಹಿಡಿಸಬಹುದು. ಗಡುವಿನೊಳಗೆ ಬಾಕಿಯೆಲ್ಲವನ್ನೂ ಸಲ್ಲಿಸುವವನಿಗೆ ಕೊಂಡ ಸಾಮಾನಿನ ಮೇಲೆ ಬಡ್ಡಿಯೂ ಬೀಳುವುದಿಲ್ಲ.

ಕೇಡಿರುವುದು ಬಾಕಿಯೆಲ್ಲವನ್ನೂ ಸಲ್ಲಿಸದವನಿಗೆ. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ವೆಂದು ಒಂದು ಸಣ್ಣ ಅಂಕಿಯನ್ನು ಕಾಣಿಸಿರುತ್ತಾರೆ. ಅದನ್ನು ಕಟ್ಟಿದರೆ ಮಾನ ಉಳಿಯಿತೆಂದು ಗೃಹಸ್ಥನು ತಿಳಿಯುತ್ತಾನೆ. ಲೆಕ್ಕವನ್ನು ನೋಡೋಣ. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿಯೆಂದು ಹಿಡಿದರೆ ಹತ್ತು ಸಾವಿರದ ಬಾಕಿಗೆ 350 ರೂಪಾಯಿ, ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಸರಕು ಸೇವಾ ತೆರಿಗೆ 63 ರೂಪಾಯಿ, ಒಟ್ಟು 413. ತಿಂಗಳಿಗೆ 500 ರೂಪಾಯಿ ಕಟ್ಟುವವನ ಅಸಲಿನಲ್ಲಿ ಮೊದಲ ತಿಂಗಳು ಇಳಿಯುವುದು 87 ರೂಪಾಯಿ ಮಾತ್ರ. ಹೊಸದಾಗಿ ಏನನ್ನೂ ಕೊಳ್ಳದೆ ವರ್ಷವಿಡೀ ಹೀಗೆಯೇ ಆರು ಸಾವಿರ ಕಟ್ಟಿದ ಮೇಲೂ ಎಂಟೂವರೆ ಸಾವಿರಕ್ಕೆ ಮೀರಿದ ಬಾಕಿ ಅವನ ತಲೆಯ ಮೇಲೆಯೇ ಇರುತ್ತದೆ. ಊರಿನ ಸಾಹುಕಾರನು ಇಂತಹ ಬಡ್ಡಿಯನ್ನು ಕೇಳಿದ್ದರೆ ನಾವು ಅವನನ್ನು ಯಾವ ಹೆಸರಿನಿಂದ ಕರೆಯುತ್ತಿದ್ದೆವೆಂಬುದನ್ನು ವಾಚಕರೇ ಊಹಿಸಲಿ.

ಅನಿಶ್ಚಿತ ಕಾಲವೆಂದರೇನೆಂಬುದನ್ನು ನಮ್ಮ ಜಿಲ್ಲೆಯು 2020ರಲ್ಲಿ ಕಣ್ಣಾರೆ ಕಂಡಿತು. ಮಾರ್ಚಿಯಲ್ಲಿ ದೇಶವೆಲ್ಲ ಮುಚ್ಚಿದಾಗ ಮುಂಬಯಿಯ ಹೋಟೆಲುಗಳೂ ಮುಚ್ಚಿದುವು. ಅಲ್ಲಿ ದುಡಿಯುತ್ತಿದ್ದ ನಮ್ಮವರು ಮೇ ತಿಂಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಊರಿಗೆ ಹಿಂತಿರುಗಿದರು. ಸಾಲದ ಕಂತುಗಳನ್ನು ಮುಂದೂಡಲು ರಿಸರ್ವ್ ಬೇಂಕು ಆಗಸ್ಟ್ 31ರವರೆಗೆ ಅವಕಾಶ ಕೊಟ್ಟಿತು. ಕಾರ್ಡಿನ ಬಾಕಿಗೂ ಅದು ಅನ್ವಯವಾಗಿತ್ತು. ಆದರೆ ಕಂತು ನಿಂತರೂ ಬಡ್ಡಿಯು ಬೆಳೆಯುತ್ತಲೇ ಇದ್ದಿತು. ಆ ದಿನಗಳಲ್ಲಿ ಮೂರು ತಿಂಗಳ ಖರ್ಚಿಗಾಗುವಷ್ಟು ಠೇವಣಿಯುಳ್ಳ ಮನೆಗೂ ಕಾರ್ಡಿನ ಮಿತಿಯನ್ನೇ ಆಸ್ತಿಯೆಂದು ನಂಬಿದ ಮನೆಗೂ ಇದ್ದ ಅಂತರವು ಎಲ್ಲರಿಗೂ ತಿಳಿದಿರತಕ್ಕದ್ದು.

ಇನ್ನು ಅಧಿಕಾರಿಗಳ ಕರ್ತವ್ಯದ ಮಾತು. ವರ್ಷಕ್ಕೆ ನೂರಕ್ಕೆ 30ನ್ನು ಮೀರಿದ ಬಡ್ಡಿಯು ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಮಾನಿಸಿತ್ತು. ಬಡ್ಡಿಯ ನಿಯಂತ್ರಣವು ರಿಸರ್ವ್ ಬೇಂಕಿಗೆ ಸೇರಿದ ವಿಷಯವೆಂದು ಸರ್ವೋಚ್ಚ ನ್ಯಾಯಾಲಯವು 2024ರ ದಶಂಬರ 20ರಂದು ಆ ತೀರ್ಮಾನವನ್ನು ರದ್ದುಗೊಳಿಸಿತು. ನ್ಯಾಯಾಲಯದ ಮಾತನ್ನು ನಾವು ಗೌರವಿಸುತ್ತೇವೆ. ಆದರೆ ಅಧಿಕಾರವು ಯಾರದೋ ಹೊಣೆಯೂ ಅವರದೇ. ಕೇಳದೆ ಕಾರ್ಡು ಕಳುಹಿಸಕೂಡದೆಂದೂ, ಬಾಕಿಯಿಲ್ಲದ ಕಾರ್ಡನ್ನು ಮುಚ್ಚಬೇಕೆಂದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕೆಂದೂ 2022ರಲ್ಲಿ ನಿಯಮ ಮಾಡಿದ ರಿಸರ್ವ್ ಬೇಂಕು ಬಡ್ಡಿಗೂ ಒಂದು ಮೇರೆಯನ್ನು ಏಕೆ ಕಟ್ಟಬಾರದು? ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟಿದರೆ ಸಾಲ ತೀರಲು ಎಷ್ಟು ವರ್ಷ ಬೇಕು, ಎಷ್ಟು ಬಡ್ಡಿ ತೆರಬೇಕು ಎಂಬುದನ್ನು ಪ್ರತಿಯೊಂದು ಬಿಲ್ಲಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ, ಕನ್ನಡನಾಡಿನಲ್ಲಿ ಕನ್ನಡದಲ್ಲಿಯೇ, ಅಚ್ಚು ಹಾಕಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ತನಗೆ ತಿಳಿಯದ ಭಾಷೆಯ ಕರಾರಿಗೆ ರುಜು ಹಾಕಿದವನು ಒಪ್ಪಿ ರುಜು ಹಾಕಿದನೆಂದು ಹೇಳುವುದು ನ್ಯಾಯವಲ್ಲ.

ವಾಚಕರಿಗೆ ನಮ್ಮ ಸೂಚನೆ ಇಷ್ಟೆ. ಕಾರ್ಡನ್ನು ಉಪಯೋಗಿಸುವವರು ಬೇಂಕಿನ ಖಾತೆಯಲ್ಲಿ ಆಗಲೇ ಇರುವ ಹಣದ ಮಿತಿಯಲ್ಲಿ ಉಪಯೋಗಿಸಲಿ; ಗಡುವಿಗೆ ಮೊದಲು ಬಾಕಿಯೆಲ್ಲವನ್ನೂ ಕಟ್ಟಲಿ; ಎಷ್ಟೇ ಅವಸರವಾದರೂ ಕಾರ್ಡಿನಿಂದ ನಗದು ತೆಗೆಯದಿರಲಿ, ಏಕೆಂದರೆ ಆ ಹಣಕ್ಕೆ ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಇದು ಸಾಧ್ಯವಿಲ್ಲದವರು ನಗದಿನಿಂದಲೇ ಕೊಳ್ಳಲಿ; ಕೈಯಿಂದ ಎಣಿಸಿ ಕೊಡುವ ನೋಟು ಖರ್ಚಿಗೆ ತಾನೇ ಕಡಿವಾಣ ಹಾಕುತ್ತದೆ. ಇಬ್ಬರೂ ಪ್ರತಿ ತಿಂಗಳು ಅಲ್ಪವನ್ನಾದರೂ ಬೇಂಕಿನಲ್ಲಿ ಬೇರೆಯಾಗಿಡಲಿ. ಎರಡಾಣೆಯಿಂದ ತೊಡಗಿ ಮಗಳ ಮದುವೆಯನ್ನೂ ಮಗನ ವಿದ್ಯಾಭ್ಯಾಸವನ್ನೂ ಸಾಗಿಸಿದ ಜನರ ಮಕ್ಕಳಿಗೆ ಇದು ಅಸಾಧ್ಯವೆಂದು ನಾವು ನಂಬುವುದಿಲ್ಲ.